ಮಿಸ್ ಮೂಡಲಗಿ ಮೂಡಲಗಿಯವಳಲ್ಲ

ಸಣ್ಣತ್ತಿ ತೀರಿಕೊಂಡು ಇನ್ನೂ ಮಾತಾಡಿಸಲು ಬರುವವರು ಬರುತ್ತಲೇ ಇದ್ದರು. ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಯಜಮಾನರು ಪೇಪರು ಮಡಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ಇಲ್ನೋಡು, ಮೂಡಲಗ್ಯಾಗ ಯಾವಾಕಿನೋ ಒಬ್ಬಾಕಿ ಹಾಡಾಕಿ ಇದ್ಲಂತ" ಎಂದರು.

ಓದಿ ನೋಡಿದೆ. ಹಳೆಯ ಹಾಡಿನ ಪ್ಲೇಟುಗಳನ್ನು ಕೂಡಿಸುವ ಬೆಂಗಳೂರಿನವರೊಬ್ಬರಿಗೆ ಮುಂಬೈಯ ಗುಜರಿ ಅಂಗಡಿಯಲ್ಲಿ ಒಂದು ಸಣ್ಣ ಗ್ರಾಮೋಫೋನ್ ಪ್ಲೇಟು ಸಿಕ್ಕಿದೆ. ಅರವತ್ತರ ದಶಕದ್ದು. ಗಿಟಾರು, ಡ್ರಮ್ಮು ಇಟ್ಟುಕೊಂಡು ಕನ್ನಡದಲ್ಲಿ ಹಾಡಿದ ಪಾಪ್ ಹಾಡು. ಪ್ಲೇಟಿನ ಮೇಲೆ ಇರುವುದು 'ಮಿಸ್ ಮೂಡಲಗಿ' ಎಂದಷ್ಟೇ. ಅವರು ಮೂಡಲಗಿಗೆ ಬಂದು ವಿಚಾರಿಸಿದ್ದಾರೆ. ಅಲ್ಲಿಯ ಒಂದು ಮನೆಯವರು, ಅದು ನಮ್ಮ ಹುಡುಗಿ, ಮುಂಬೈಗೆ ಹೋಗಿದ್ದಳು, ಸಣ್ಣ ವಯಸ್ಸಿನಲ್ಲೇ ಅಲ್ಲೇ ಜ್ವರ ಬಂದು ಸತ್ತಳು ಎಂದಿದ್ದಾರೆ. ಮುಂದಿನ ತಿಂಗಳು ಮೂಡಲಗಿಯಲ್ಲಿ ಆಕೆಯ ಫೋಟೋಕ್ಕೆ ಹಾರ ಹಾಕಿ, ಹಾಡು ಕೇಳಿಸುವ ಕಾರ್ಯಕ್ರಮ. ಸುದ್ದಿಯ ಪಕ್ಕದಲ್ಲಿ ಎರಡು ಜಡೆ, ರಿಬ್ಬನ್ನು, ತುಂಬು ಕೆನ್ನೆಯ ಒಬ್ಬ ಹುಡುಗಿಯ ಫೋಟೋ.

ಅದು ನಮ್ಮ ಸಣ್ಣತ್ತಿ ಅಲ್ಲ. ಆ ಹಾಡು ಹಾಡಿದವರು ನಮ್ಮ ಸಣ್ಣತ್ತಿ.

ಸಣ್ಣತ್ತಿ ಎಂದರೆ ಯಜಮಾನರ ಕಾಕು, ಅವರ ತಂದೆಯ ತಮ್ಮನ ಹೆಂಡತಿ. ಮಕ್ಕಳಿರಲಿಲ್ಲ. ಕಾಕಾ ಹೋದ ಮೇಲೆ ಗೋಕಾಕದ ನಮ್ಮ ಮನೆಯಲ್ಲಿ, ಅಡುಗೆಮನೆಯ ಬಾಜೂ ಖೋಲಿಯಲ್ಲಿ ಇದ್ದರು. ತೊಂಬತ್ತರ ದಶಕವೆಲ್ಲ ಅವರೂ ನಾನೂ ಒಂದೇ ಒಲೆಯ ಮುಂದೆ ಕಳೆದೆವು. ಬೆಳಿಗ್ಗೆ ಒಟ್ಟಿಗೆ ಬಸದಿಗೆ ಹೋಗುವುದು, ಹೊತ್ತು ಮುಳುಗುವ ಮೊದಲು ಒಟ್ಟಿಗೆ ಊಟಕ್ಕೆ ಕೂರುವುದು. ಸಂಜೆ ಬೇಗ ಕೆಲಸ ಮುಗಿಯುತ್ತಿದ್ದುದು ದೇವರು ಕೊಟ್ಟ ಸಣ್ಣ ಪುಣ್ಯ. ಆ ಹೊತ್ತಿನಲ್ಲಿ ಅಕ್ಕಿ ಆರಿಸುತ್ತ ಅವರು ಮಾತಾಡುತ್ತಿದ್ದರು.

ಹಾಗೆ ಅಕ್ಕಿ ಆರಿಸುವಾಗಲೇ ಈ ಸಂಗತಿ ಹೊರಬಿದ್ದದ್ದು. ಅವರಿಗೆ ಹದಿನೇಳೋ ಹದಿನೆಂಟೋ. ಸೋದರಮಾವನ ಹೆಂಡತಿಯ ಬಾಣಂತನಕ್ಕೆಂದು ಹುಕ್ಕೇರಿಯಿಂದ ಮುಂಬೈಗೆ ಕಳಿಸಿದ್ದರು. ಅಲ್ಲಿ ಕನ್ನಡದವರ ಒಂದು ಸಮಾರಂಭದಲ್ಲಿ ಹಾಡಿದರು. ಕೇಳಿದ ಯಾರೋ ಬಂದು, ಮಾವನನ್ನು ಒಪ್ಪಿಸಿ, ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಹಾಡು ಟ್ರಾಮ್ ಗಾಡಿಯದು. ಹುಡುಗಿಯೊಬ್ಬಳು ಟ್ರಾಮ್ ಹತ್ತಿ, ಊರೆಲ್ಲ ಸುತ್ತಿ, ನನ್ನನ್ನು ಮನೆಗೆ ಬಿಡು ಎನ್ನುತ್ತಾಳೆ. "ಮನೆಗೆ, ಮನೆಗೆ, ಮನೆಗೆ" ಎಂದು ಪ್ರತಿ ನುಡಿಯ ಕೊನೆಗೂ ಬರುತ್ತದೆ.

"ಬರದವ ಮೈಸೂರ ಕಡ್ಯಾಂವ" ಎಂದು ಸಣ್ಣತ್ತಿ ನಗುತ್ತಿದ್ದರು. "ನಾ 'ಮನಿಗೆ' ಅಂದ್ರ ಹಣಿ ಹಣಿ ಬಡ್ಕೊಂತಿದ್ದ. 'ಮನೆ' ಅನ್ನಮ್ಮಾ, 'ಮನೆ' ಅನ್ನು! ನಾನೂ ಕಲತೆ. ಎಲ್ಲಾ ನುಡಿ ಚೊಲೋ 'ಮನೆಗೆ' ಅಂತ ಹಾಡಿದೆ. ಕಡೀಕ ಏನಾತೋ, ನಮ್ಮವ್ವ ನೆನಪಾದ್ಲು. ಕಟ್ಟಾಕಡೀದು 'ಮನಿಗೆ' ಅಂತ ಬಂತು. ಮತ್ತೊಮ್ಮಿ ಹಾಡ್ಸಾಕ ಟೈಮ್ ಇರ್ಲಿಲ್ಲ. ಹಂಗ ಬಿಟ್ರು."

ಪ್ಲೇಟು ಬಂತು, ರೇಡಿಯೋದಲ್ಲಿ ಕೆಲವು ಸಲ ಹಾಕಿದರು. ಸುದ್ದಿ ಹುಕ್ಕೇರಿಗೆ ಮುಟ್ಟಿತು. ತಂದೆ ರೈಲು ಹತ್ತಿ ಹೋಗಿ ಮಗಳನ್ನು ಕರೆದುಕೊಂಡು ಬಂದರು. ಆ ವರ್ಷವೇ ಗೋಕಾಕಕ್ಕೆ ಮದುವೆ ಮಾಡಿ ಕೊಟ್ಟರು.

ನಮ್ಮ ಮನೆತನಗಳಲ್ಲಿ ಮದುವೆಯಾದ ಹೆಣ್ಣಿಗೆ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಅದೇ. ತವರಿನ ಹೆಸರೂ ಹೋಯಿತು, ಅಡ್ಡಹೆಸರೂ ಹೋಯಿತು. "ಆ ಅಕ್ಕಿ ಮರುದಿನ ಅನ್ನ ಮಾಡಿ ಉಂಡಿವಿ" ಎನ್ನುತ್ತಿದ್ದರು ಸಣ್ಣತ್ತಿ. ಬಾಯಲ್ಲಿ ನಗು ಇರುತ್ತಿತ್ತು, ಕೈ ಮಾತ್ರ ತಾಟಿನ ಮೇಲೆ ನಿಂತುಬಿಡುತ್ತಿತ್ತು.

ಕೊನೆಯ ದಿನಗಳಲ್ಲಿ ತಲೆ ಬಾಚುವಾಗ ಒಂದು ಮಾತು ಅಂದಿದ್ದರು. "ನೋಡವ್ವಾ, ಆ ಹೆಸರಿಂದ ನನ್ನ ಕರದವ್ರೆಲ್ಲಾ ಸತ್ತು ಹೋಗ್ಯಾರ. ಇದ್ದಾಂವ ಒಬ್ಬ ತಮ್ಮ, ಅಂವ ಅಕ್ಕ ಅಂತಾನ. ನಾ ಸತ್ತಮ್ಯಾಲ ಒಂದ್ ಸರೆ ಯಾರರೆ ನಾಕ ಮಂದ್ಯಾಗ ಆ ಹೆಸರು ತಗೊಂಡ್ರ ಸಾಕು."

ನಾನು ಹೂಂ ಅಂದಿದ್ದೆ. ಸಾವು ಚೆನ್ನಾಗಿ ಬಂತು, ಅದನ್ನೂ ಹೇಳಬೇಕು. ನರಳಲಿಲ್ಲ. ಬೆಳಗಿನ ಹೊತ್ತು, ಣಮೋಕಾರ ಮಂತ್ರ ಕಿವಿಗೆ ಬೀಳುತ್ತಿರುವಾಗಲೇ ಹೋದರು.

ಈಗ ಪೇಪರು ಕೈಯಲ್ಲಿ ಹಿಡಿದು ನನಗೆ ಸಿಟ್ಟು ಬಂದದ್ದು ಆ ಬೆಂಗಳೂರಿನವರ ಮೇಲೆ. ನಮ್ಮ ಕಡೆಯ ಅಡ್ಡಹೆಸರಿನ ರೀತಿ ಗೊತ್ತಿದ್ದವರು ಯಾರೂ ಮಿಸ್ ಮೂಡಲಗಿಯನ್ನು ಹುಡುಕಲು ಮೂಡಲಗಿಗೆ ಹೋಗುವುದಿಲ್ಲ. ಊರು ಬಿಟ್ಟು ಹೋದವರಿಗೆ ಹೋದಲ್ಲಿಯ ಜನ ಹಳೆಯ ಊರಿನ ಹೆಸರು ಹಚ್ಚುತ್ತಾರೆ. ಊರಲ್ಲೇ ಕೂತವರನ್ನು ಯಾರು ಹಾಗೆ ಕರೆಯುತ್ತಾರೆ? ಅಲ್ಲಿ ಎಲ್ಲರೂ ಮೂಡಲಗಿಯವರೇ. ಸಣ್ಣತ್ತಿಯ ಹಿರಿಯರು ಯಾವ ಕಾಲಕ್ಕೋ ಅಲ್ಲಿಂದ ಹುಕ್ಕೇರಿಗೆ ಬಂದು ನಿಂತವರು, ಅದಕ್ಕೇ ಆ ಅಡ್ಡಹೆಸರು. ಸಣ್ಣತ್ತಿ ಮೂಡಲಗಿ ಎಂಬ ಊರನ್ನು ಬಸ್ಸಿನ ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ.

ಎಸ್‌ಟಿಡಿ ಬೂತಿಗೆ ಹೋಗಿ ಪೇಪರಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಆ ಮನುಷ್ಯ ಒಳ್ಳೆಯವರೇ, ಸಮಾಧಾನವಾಗಿ ಕೇಳಿಸಿಕೊಂಡರು.

"ಅವರದ್ದು ಅಂತ ಆ ಹೆಸರಿನ ಯಾವುದಾದರೂ ದಾಖಲೆ ಇದೆಯಾಮ್ಮಾ?"

"ಹೆಂಗ ಇರತೈತ್ರಿ? ಮದುವ್ಯಾಗ ಹೆಸರು ಬದಲಿ ಆತು. ರೇಷನ್ ಕಾರ್ಡಿನ್ಯಾಗ ನಮ್ಮ ಮನಿ ಹೆಸರೈತಿ."

"ಗಿಟಾರ್ ಜೊತೆ ಫೋಟೋ?"

"ಗಿಟಾರ ಬಾರ್ಸಾಂವ ಬ್ಯಾರೇರಿ. ಇವ್ರು ಬರೇ ಹಾಡಿದ್ರು."

"ಹಾಗಾದ್ರೆ ಕಷ್ಟ. ತವರುಮನೆಯವರು ಯಾರಾದರೂ ಹೇಳಿದರೆ ನೋಡೋಣ" ಎಂದರು.

ತವರು ಎಂದರೆ ಹುಕ್ಕೇರಿಯ ಆ ತಮ್ಮ, ನಮಗೆ ಮಾವ. ಯಜಮಾನರು ಬರಲಿಲ್ಲ. "ಸತ್ತವ್ರಿಗೆ ಈಗ ಹಾಡಿನ ಪಾಡು ಯಾಕ ಹಚ್ತಿ?" ಎಂದು ಅಂಗಡಿಗೆ ಹೋದರು. ನಾನೊಬ್ಬಳೇ ಬಸ್ಸು ಹಿಡಿದೆ. ಧುಪದಾಳದ ಹತ್ತಿರ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ಇಳಿದು ಬಿಸಿಲಲ್ಲಿ ನಿಂತೆವು. ಬೇವಿನ ಗಿಡವೊಂದು ಇತ್ತು, ಅಷ್ಟು ಪುಣ್ಯ.

ಹುಕ್ಕೇರಿ ಮಾವ ವಯಸ್ಸಾದವರು, ಕುರ್ಚಿಯಲ್ಲಿ ಕೂತಿದ್ದರು. ಸಂಗತಿ ಹೇಳಿದೆ.

"ಮಾವಾರ, ಮುಂಬೈದಾಗ ಹಾಡಿದಾಕಿ ನಮ್ಮಕ್ಕ ಅಂತ ಒಂದ್ ಮಾತು ಹೇಳ್ರಿ. ಅಷ್ಟ ಸಾಕು."

"ಯಾವ ಹಾಡು ತಂಗಿ? ಅಕ್ಕ ಮುಂಬೈಗೆ ಹೋಗಿದ್ದು ಬಾಣಂತನಕ್ಕ."

"ಬಾಣಂತನಕ್ಕ ಹೋದಾಗ ಹಾಡ್ಯಾರಲ್ರಿ."

"ಕೂಸಿಗೆ ಜೋಗುಳ ಹಾಡಿರಬೇಕು, ತಗೊ."

ಒಳಗಿನಿಂದ ಅವರ ಹೆಂಡತಿ, "ಟ್ರಾಮ್ ಗಾಡಿ ಜೋಗುಳ ಯಾವೂರಾಗ ಹಾಡ್ತಾರ್ರಿ?" ಎಂದು ಕೂಗಿದರು. ಮಾವ ಅತ್ತ ಕಣ್ಣು ಬಿಟ್ಟರು. ಆಮೇಲೆ ಮಾವ ದನಿ ಇಳಿಸಿ ಖರೆ ಮಾತು ಆಡಿದರು. ಸಣ್ಣ ಮಗಳಿಗೆ ಸಾಂಗಲಿ ಕಡೆಯ ಸಂಬಂಧ ನಡೆದಿದೆ. ಗಿಟಾರು ಡ್ರಮ್ಮಿನ ಹಾಡು ಹಾಡಿದವಳ ಮನೆತನ ಎಂದು ಅವರ ಕಿವಿಗೆ ಬೀಳಬಾರದು.

"ಮಾವಾರ, ಈಗಿನ ಹುಡುಗೂರು ಟಿವ್ಯಾಗ ಏನೇನ್ ನೋಡ್ತಾವ. ಇದಕ್ಕ ಯಾರು ಏನಂತಾರ್ರಿ?"

"ಹುಡುಗೂರು ಏನೂ ಅನ್ನಂಗಿಲ್ಲ. ಸಂಬಂಧ ನೋಡಾವ್ರು ಹಿರೇರು. ಪೇಪರದಾಗ ನಮ್ಮ ಮನಿ ಬರಬಾರದು. ಅಕ್ಕನ ಹೆಸರೂ ಬರಬಾರದು. ಮಾತು ಕೊಡು."

ಏನು ಮಾಡಲಿ? ಮನೆಗೆ ಬಂದವಳನ್ನು ಕುರ್ಚಿಯಿಂದ ಏಳದೆ ಕಟ್ಟಿಹಾಕಿದರು. ಪೇಪರಿನಲ್ಲಿ ಹಾಕಿಸುವುದಿಲ್ಲ ಎಂದು ಮಾತು ಕೊಟ್ಟೆ. ಇಲ್ಲಿ ಆ ಹೆಸರು ಬರೆಯದೆ ಇರುವುದೂ ಆ ಮಾತಿಗಾಗಿಯೇ. ಚಪ್ಪಲಿ ಮೆಟ್ಟುವಾಗ ಅವರು ಹಿಂದಿನಿಂದ, "ಆ ಪ್ಲೇಟು ಅಲ್ಲಿ ಹಾಕ್ತಾರಂತೇನು?" ಎಂದು ಕೇಳಿದರು. ಹಾಕುತ್ತಾರಂತೆ ಎಂದೆ.

ಉಳಿದದ್ದು ಮೂಡಲಗಿ. ಅಲ್ಲಿಯವರಿಗೇ ತಿಳಿಸಿ ಹೇಳೋಣ ಎಂದು ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಮನೆ ತೋರಿಸಿದರು. ಅರಿವೆ ಅಂಗಡಿಯವರು. ಪಡಸಾಲೆಯಲ್ಲಿ ಪೇಪರಿನಲ್ಲಿ ಬಂದಿದ್ದ ಫೋಟೋಕ್ಕೆ ಹೊಸ ಕಟ್ಟು ಹಾಕಿಸಿ, ಮಲ್ಲಿಗೆ ಏರಿಸಿದ್ದರು. ಮನೆಯಲ್ಲಿ ಅಂಗಡಿ ನಡೆಸುವ ಮಗ, ಅವನ ತಾಯಿ. ಆ ಮುದುಕಿಯೇ ಸತ್ತ ಹುಡುಗಿಯ ತಾಯಿ. ನೆಲಕ್ಕೆ ಕೂತು ಶೇಂಗಾ ಸುಲಿಯುತ್ತಿದ್ದರು.

"ನಿಮ್ಮ ಅಡ್ಡಹೆಸರೇನ್ರಿ?" ಎಂದು ನಾನೇ ಶುರು ಮಾಡಿದೆ. ಮಗ ಹೇಳಿದ, ಮೂಡಲಗಿ ಅಲ್ಲವೇ ಅಲ್ಲ.

"ಹಂಗಾರ ಪ್ಲೇಟಿನ ಮ್ಯಾಲ ಮೂಡಲಗಿ ಅಂತ ಯಾಕ ಐತ್ರಿ? ಊರಾಗ ಇದ್ದವ್ರಿಗೆ ಊರ ಹೆಸರು ಯಾರರೆ ಇಡ್ತಾರೇನ್ರಿ?"

"ಅಲ್ರಿ ಅಕ್ಕಾರ, ನಮ್ಮಕ್ಕ ಮುಂಬೈದಾಗ ಇದ್ಲಲ್ರಿ. ಮುಂಬೈಗೆ ಹೋದ್ಲಂದ್ರ ಮೂಡಲಗಿ ಬಿಟ್ಲು. ಬಿಟ್ಟಾಕಿಗೆ ಮೂಡಲಗಿ ಅಂತಾರ."

ನನ್ನ ಮಾತನ್ನೇ ತಿರುಗಿಸಿ ನನ್ನ ಉಡಿಗೆ ಹಾಕಿದ. ಬಸ್ಸಿನಲ್ಲೆಲ್ಲ ಜೋಡಿಸಿಕೊಂಡು ಬಂದ ಮಾತು ಅದು.

ಆಗ ನನ್ನಲ್ಲಿ ಇದ್ದ ಕೊನೆಯದನ್ನು ತೆಗೆದೆ. "ನಾ ಆ ಹಾಡು ಒಮ್ಮಿನೂ ಕೇಳಿಲ್ರಿ. ನಮ್ಮ ಮನ್ಯಾಗ ಪ್ಲೇಟೂ ಇಲ್ಲ, ಹಾಕಾಕ ಮಷೀನೂ ಇಲ್ಲ. ಆದ್ರ ಅದ್ರಾಗ ಏನೈತಿ ಅಂತ ಹೇಳ್ತೇನಿ. ಎಲ್ಲಾ ನುಡಿ 'ಮನೆಗೆ' ಅಂತೈತಿ. ಕಟ್ಟಾಕಡೀದು ಒಂದ 'ಮನಿಗೆ' ಅಂತೈತಿ. ಹೌದೋ ಅಲ್ಲೋ ಹಾಕಿ ನೋಡ್ರಿ."

ಮುದುಕಿಯ ಕೈಯಲ್ಲಿ ಶೇಂಗಾ ಹಾಗೇ ಉಳಿಯಿತು. ಮಗ ಎದ್ದು, ಬೆಂಗಳೂರಿನವರು ಕೊಟ್ಟಿದ್ದ ಕ್ಯಾಸೆಟ್ಟನ್ನು ಟೇಪಿಗೆ ಹಾಕಿದ. ಗುಂಡಿ ಒತ್ತಿದ. ಕರೆಂಟು ಹೋಯಿತು.

"ದಿನಾ ಇಷ್ಟೊತ್ತಿಗೆ ಹೋಗತೈತ್ರಿ" ಎಂದ.

"ಸೆಲ್ ಹಾಕ್ರಲ್ಲಾ."

"ಬ್ಯಾಟ್ರಿ ದೀಪಕ್ಕ ಹಾಕೇವ್ರಿ, ಅವೂ ಮುಗದಾವ."

ಕಾದೆ. ಬಹಳ ಹೊತ್ತಿನ ಮೇಲೆ ಮುದುಕಿ, "ನಿಮ್ಮಾಕಿಗೆ ಮಕ್ಕಳಿದ್ವೇನವ್ವಾ?" ಎಂದರು. ಇಲ್ಲ ಎಂದೆ. "ಉಂಡು ಹೋಗು" ಎಂದರು. ಬಸ್ಸಿಗೆ ಹೊತ್ತಾಗಿತ್ತು, ಕೂರಲಿಲ್ಲ. ಗೋಕಾಕ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು, ಆಮೇಲೆ ನಾವು ಉಣ್ಣುವಂತಿಲ್ಲ. ಮೂಡಲಗಿಯ ಊಟವೂ ಇಲ್ಲ, ಮನೆಯ ಊಟವೂ ಇಲ್ಲ. ಬರೀ ಹೊಟ್ಟೆಯಲ್ಲಿ ಜಪಮಾಲೆ ಹಿಡಿದು ಕೂತರೂ ಕಿವಿಯಲ್ಲಿ ಬರುತ್ತಿದ್ದದ್ದು ಆ ಮಗನ ಮಾತೇ.

ಕಾರ್ಯಕ್ರಮದ ದಿನ ಯಜಮಾನರೂ ಬಂದರು. ನನ್ನ ಮೋರೆ ನೋಡಲಾರದೆ ಬಂದರು ಎಂದು ಕಾಣುತ್ತದೆ. ಸಣ್ಣತ್ತಿಯ ಒಂದು ಫೋಟೋವನ್ನು ಟಾವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿ ತಂದಿದ್ದೆ. ತಲೆಯ ಮೇಲೆ ಸೆರಗು ಹೊದ್ದ, ಐವತ್ತು ದಾಟಿದಾಗಿನ ಫೋಟೋ, ನಮ್ಮಲ್ಲಿದ್ದದ್ದು ಅದೊಂದೇ. ಅಂಗಡಿಯ ಮಗ ನನ್ನನ್ನು ನೋಡಿ ತಾನಾಗಿಯೇ ಬಂದ. "ತರ್ರಿ ಅಕ್ಕಾರ, ಅದನ್ನೂ ಇಡೂಣು. ಹಿರೇರು, ಹೂವಿಗೆ ಏನ್ ಬಡತನ" ಎಂದು ತಮ್ಮ ಹುಡುಗಿಯ ಫೋಟೋದ ಬಾಜೂ ಸಣ್ಣ ಸ್ಟೂಲಿನ ಮೇಲೆ ಇಟ್ಟ. ನನಗೆ ಜೀವ ಬಂದಂತಾಯಿತು. ಸ್ವಲ್ಪ ಹೊತ್ತು ಮಾತ್ರ.

ನಿರೂಪಣೆ ಮಾಡುವವರು ಮೈಕಿನ ಮುಂದೆ ನಿಂತು, ನಮ್ಮ ಫೋಟೋದತ್ತ ಕೈ ಮಾಡಿ, "ಗೋಕಾಕದ ಈ ತಾಯಿಯವರು ಮಿಸ್ ಮೂಡಲಗಿಯವರ ಕಟ್ಟಾ ಅಭಿಮಾನಿಗಳಾಗಿದ್ದು, ಇತ್ತೀಚೆಗಷ್ಟೇ ನಿಧನರಾದರು" ಎಂದರು. ಜನ ಚಪ್ಪಾಳೆ ಹೊಡೆದರು.

ತನ್ನ ಹಾಡಿಗೆ ತಾನೇ ಅಭಿಮಾನಿ! ನಾನು ಎದ್ದು ನಿಂತೆ. ಯಜಮಾನರು ಸೆರಗು ಹಿಡಿದು ಕೂರಿಸಿದರು. ಎದ್ದು ಏನೆನ್ನಲಿ? ಯಾರ ಮಗಳು, ಯಾವ ಹೆಸರು ಎಂದು ಕೇಳಿದರೆ ಮಾತು ಕೊಟ್ಟ ಬಾಯಿ. ಮುಂದಿನ ಸಾಲಿನಲ್ಲಿ ಪೇಪರಿನವರು ಬರೆದುಕೊಳ್ಳುತ್ತಿದ್ದರು.

ಆಮೇಲೆ ಹಾಡು ಹಾಕಿದರು.

ಮೊದಲು ಕರಕರ ಸದ್ದು. ಟಣ್ ಟಣ್ ಎಂದು ಗಂಟೆ. ಗಿಟಾರು. ಅದರ ಮೇಲೆ ಒಂದು ದನಿ, ತೆಳುವಾದ, ಓಡಿ ಬಂದು ನಿಂತಂಥ ದನಿ. ನನಗೆ ಗೊತ್ತಿದ್ದ ಸಣ್ಣತ್ತಿಯದು ಕೆಮ್ಮಿನ, ದಪ್ಪ ಗಂಟಲು. ಒಂದು ಗಳಿಗೆ, ಇದು ಅವರದಲ್ಲವೇನೋ, ಇಷ್ಟು ದಿನ ಇಷ್ಟು ಊರು ಸುಮ್ಮನೆ ತಿರುಗಿದೆನೇನೋ ಎನ್ನಿಸಿತು. ಮನೆಗೆ, ಮನೆಗೆ, ಮನೆಗೆ. ಮೈಸೂರಿನವರು ಕಲಿಸಿದ್ದನ್ನು ಒಪ್ಪವಾಗಿ ಹೇಳುತ್ತಿತ್ತು. ಮತ್ತೊಂದು ನುಡಿ. ಮತ್ತೆ ಮನೆಗೆ. ಗಿಟಾರು ನಿಧಾನವಾಯಿತು. ಕೊನೆಯಲ್ಲಿ, ಅಡುಗೆಮನೆಯಿಂದ ಹೊರಗೆ ಕೂಗಿದ ಹಾಗೆ, "ಮನಿಗೆ."

ಯಜಮಾನರು ನನ್ನ ಸೆರಗು ಬಿಟ್ಟರು. "ಕಾಕು" ಎಂದರು, ಅಷ್ಟೇ.

ನಾನು ನೇರ ವೇದಿಕೆಯ ಹತ್ತಿರ ಹೋಗಿ ಬೆಂಗಳೂರಿನವರನ್ನು ಹಿಡಿದೆ. "ಕೇಳಿದ್ರೇನ್ರಿ? ಕಡೀಕ 'ಮನಿಗೆ' ಅಂದ್ರಲ್ಲ! ನಾ ಹಾಡು ಕೇಳೂಕಿಂತ ಮೊದ್ಲ ಇದನ್ನ ಹೇಳಿದ್ದೆ, ಈ ಮನಿಯವ್ರನ್ನ ಕೇಳ್ರಿ."

ಅವರು ಪಾಪ, ನಗುತ್ತಲೇ ಅಂದರು, "ಆದರೆ ಅಮ್ಮಾ, ಈ ಕಡೆಯವರೆಲ್ಲ 'ಮನಿ' ಅಂತಲೇ ಅಲ್ವಾ ಹೇಳೋದು? ಆ ಹುಡುಗಿಯೂ ಈ ಕಡೆಯವಳೇ ತಾನೇ?"

ಸುತ್ತ ನಿಂತವರು, "ಹೌದ್ರಿ, ನಾವೆಲ್ಲಾ ಮನೀನ ಅಂತೇವಿ" ಎಂದು ನಕ್ಕರು. ಯಾರೋ ಒಬ್ಬ, "ಹಂಗಾರ ಹಾಡಿದಾಂವ ನಾನ!" ಎಂದ. ಮತ್ತಷ್ಟು ನಗು. ಒಂದು ಜಿಲ್ಲೆಯ ಬಾಯಿಯೆಲ್ಲ ನನ್ನ ಸಾಕ್ಷಿಯನ್ನು ತಿಂದುಹಾಕಿತು. ಅಂಗಡಿಯ ಮಗ ಬೇರೆ ಕಡೆ ನೋಡುತ್ತ ನಿಂತಿದ್ದ.

ಫೋಟೋ ತೆಗೆದುಕೊಂಡು ಟಾವೆಲ್ಲಿನಲ್ಲಿ ಸುತ್ತುತ್ತಿದ್ದಾಗ ಆ ಮುದುಕಿ ಗೋಡೆ ಹಿಡಿದುಕೊಂಡು ಬಂದರು. ನನ್ನ ಮುಂಗೈ ಹಿಡಿದರು.

"ನೀ ನಮ್ಮ ಮನ್ಯಾಗ ಅಂದ ದಿನಾನ ನನಗ ತಿಳೀತವ್ವಾ. ಹಾಡು ದಿನಾ ಕೇಳ್ತಿದ್ದೆ, ಆ ಕಡೀ ಮಾತು ನನಗಂತ ಅಂದಾಳ ಅಂತ ತಿಳಕೊಂಡಿದ್ದೆ."

"ಹಂಗಾರ ಮೈಕಿನ್ಯಾಗ ಹೇಳ್ರಿ ಆಯಿ! ಈಗರೆ ಹೇಳ್ರಿ!"

ಅವರು ತಲೆ ಅಲ್ಲಾಡಿಸಿದರು. "ದನಿ ನಿಮ್ಮಾಕೀದು. ಖರೆ. ಆದ್ರ ನನ್ನ ಮಗಳದು ಬ್ಯಾರೆ ದನಿ ನನ್ನ ಕಡೆ ಇಲ್ಲ. ಮುಂಬೈದಾಗ ಮಣ್ಣಾದ್ಲು, ನಾ ಮುಟ್ಟೋದ್ರಾಗ ಎಲ್ಲಾ ಮುಗದಿತ್ತು. ಇದನ್ನರೆ ಬಿಡು."

ಬಿಡು ಎಂದರೆ ಹೇಗೆ ಬಿಡುವುದು? ನನಗೆ ಅವರ ಮೇಲೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಹೋಯಿತು ಎಂದರೂ ಸುಳ್ಳೇ. ಅವರ ಮಗಳಿಗೆ ಒಂದು ದನಿ ಸಿಕ್ಕಿತು, ಸರಿ. ನನ್ನ ಸಣ್ಣತ್ತಿಗೆ ಇದ್ದದ್ದೇ ಒಂದು, ಅದೂ ಹೋಯಿತು. ಕೈ ಬಿಡಿಸಿಕೊಂಡು ಬಂದೆ. ಮರುದಿನದ ಪೇಪರಿನಲ್ಲಿ ಎರಡೂ ಫೋಟೋ ಬಂದವು. ಒಂದರ ಕೆಳಗೆ ಗಾಯಕಿ, ಇನ್ನೊಂದರ ಕೆಳಗೆ ಅಭಿಮಾನಿ. ಹುಕ್ಕೇರಿ ಮಾವನ ಮಗಳ ಸಂಬಂಧಕ್ಕೆ ಏನೂ ಧಕ್ಕೆ ಆಗಲಿಲ್ಲ. ಅದೇ ಸಾಂಗಲಿಗೆ ಮದುವೆಯಾಗಿ, ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಕೊಂಡು ಹೋದಳು. ಹುಡುಗ ಒಳ್ಳೆಯವನು ಎನ್ನುತ್ತಾರೆ, ದೇವರು ನಡೆಸಲಿ.

ವರ್ಷ ತುಂಬಿದಾಗ ಬಸದಿಯಲ್ಲಿ ಸಣ್ಣತ್ತಿಯ ನೆನಪಿಗೆ ಅಭಿಷೇಕ ಮಾಡಿಸಿದೆವು. ಪಂಡಿತರು ಸಂಕಲ್ಪಕ್ಕೆ ಹೆಸರು ಕೇಳಿದರು. ಯಜಮಾನರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ತಾಟಿನ ಅಕ್ಕಿಗೂ ಮುಂಚಿನ ಹೆಸರು, ಅಡ್ಡಹೆಸರು ಸಹಿತ. ಯಜಮಾನರು ನನ್ನ ಕಡೆ ನೋಡಿದರು.

"ಹುಕ್ಕೇರ್ಯಾಗ ಮಾತು ಕೊಟ್ಟು ಬಂದೀಯಲ್ಲ?"

"ಪೇಪರಿಗೆ ಅಂತ ಕೊಟ್ಟೇನ್ರಿ. ದೇವ್ರಿಗೆ ಅಂತ ಕೊಟ್ಟಿಲ್ಲ."

ಅವರು ಕೈ ಮುಗಿದು ನಿಂತರು.

ಬಸದಿಯಲ್ಲಿ ಆ ಹೊತ್ತಿಗೆ ಹೆಚ್ಚು ಜನ ಇರಲಿಲ್ಲ. ಮೊಸರು ಮಾರಿ ಮುಗಿಸಿ ಬಂದ ಇಬ್ಬರು ಹೆಂಗಸರು, ಕಂಬಕ್ಕೆ ಒರಗಿದ ಒಬ್ಬ ಅಜ್ಜ, ನಾವಿಬ್ಬರು. ಪಂಡಿತರು ಹೆಸರನ್ನು ಒಮ್ಮೆ ಬಾಯಲ್ಲೇ ಅಂದುಕೊಂಡು, ನನ್ನ ಕಡೆ ತಿರುಗಿ ಕೇಳಿದರು.

"ಇವ್ರು ಮೂಡಲಗಿಯವ್ರೇನ್ರಿ?"

"ಅಲ್ರಿ" ಎಂದೆ. "ನಮ್ಮ ಮನಿ ಮಂದಿ."

ಅವರು ಮೈಕಿನಲ್ಲಿ ಹೆಸರು ಓದಿದರು.